ಕಾಲ್ ಆಫ್, ಪುಟ್ ಆಫ್ ಮತ್ತು ಒಂದು ಮಳೆಗಾಲ

ಮಡಿಕೇರಿಯ ಹೊರವಲಯದ ಹೋಂಸ್ಟೇಯೊಂದರಲ್ಲಿ ಬುಕಿಂಗ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ ಮೊದಲ ಮಳೆಗಾಲವದು. ಜುಲೈ ತಿಂಗಳ ಒಂದು ಬೆಳಿಗ್ಗೆ ಸಂಪಾಜೆ ಘಾಟಿಯಲ್ಲಿ ಮಣ್ಣು ಜರಿದು ರಸ್ತೆ ಮುಚ್ಚಿತು. ಮರುದಿನ ಮುಂಬೈಯಿಂದ ಮಂಗಳೂರಿಗೆ ಬಂದಿಳಿದು, ಅಲ್ಲಿಂದ ಕಾರಿನಲ್ಲಿ ನಮ್ಮಲ್ಲಿಗೆ ಬರಬೇಕಿದ್ದ ಹಿರಿಯ ದಂಪತಿಗೆ ವಿಷಯ ತಿಳಿಸಬೇಕಿತ್ತು. "ಎರಡು ದಿನ ಮುಂದೆ ಹಾಕಿಕೊಳ್ಳೋದಕ್ಕೆ ಹೇಳು, ಅಷ್ಟರೊಳಗೆ ದಾರಿ ಬಿಡ್ತಾರೆ" ಎಂದರು ಮನೆಯ ಅಮ್ಮ.

ನಾನು 'ಪ್ಲೀಸ್ ಕಾಲ್ ಆಫ್ ಯುವರ್ ವಿಸಿಟ್' ಎಂದು ಬರೆದೆ. 'ಪುಟ್ ಆಫ್' ಎಂಬುದು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಲೈಟು, ಫ್ಯಾನುಗಳನ್ನು ಪುಟ್ ಆಫ್ ಮಾಡು ಎನ್ನುವುದನ್ನೇ ಕೇಳಿ ಬೆಳೆದ ನನಗೆ ಅದು ದೀಪ ಆರಿಸುವ ಮಾತಾಗಿ ಕಂಡಿತು. ಕಾಲ್ ಎಂದರೆ ಕರೆಯುವುದು, ಆಫ್ ಎಂದರೆ ನಿಲ್ಲಿಸುವುದು, ಎರಡೂ ಸೇರಿದರೆ 'ಮತ್ತೆ ಕರೆಯುವ ತನಕ ನಿಲ್ಲಿ' ಎಂದಾಗಬಹುದೆಂದು ಪದಗಳನ್ನು ಬಿಡಿಸಿ ಅರ್ಥ ಕೂಡಿಸಿಕೊಂಡಿದ್ದೆ.

ಮಧ್ಯಾಹ್ನ ಉತ್ತರ ಬಂತು. 'ಆ್ಯಸ್ ಯು ಆಸ್ಕ್ಡ್ ಅಸ್ ಟು ಕಾಲ್ ಇಟ್ ಆಫ್' ಎಂದು ಆರಂಭಿಸಿ, ವಿಮಾನದ ಟಿಕೆಟ್ ರದ್ದುಪಡಿಸಿರುವುದಾಗಿಯೂ ಮುಂಗಡ ಹಣವನ್ನು ಹಿಂದಿರುಗಿಸಬೇಕೆಂದೂ ಅವರು ಬರೆದಿದ್ದರು. ಕಾಲ್ ಆಫ್ ಎಂದರೆ ರದ್ದು ಮಾಡುವುದು; ಮುಂದೂಡುವುದಕ್ಕೆ ಇರುವ ಮಾತೇ ಪುಟ್ ಆಫ್. ಅಮ್ಮ ಬೈಯಲಿಲ್ಲ. ಕಡಂಬುಟ್ಟಿಗೆಂದು ಅಳೆದಿಟ್ಟಿದ್ದ ಅಕ್ಕಿತರಿಯನ್ನು ಮತ್ತೆ ಡಬ್ಬಿಗೆ ಸುರಿದರು. ಆ ಸದ್ದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಅಂದು ರಾತ್ರಿ ಆ ಉತ್ತರವನ್ನು ಎಷ್ಟೋ ಸಲ ಓದಿದೆ. ಕಾಲ್ ಮತ್ತು ಆಫ್ ನಡುವೆ ಕುಳಿತಿದ್ದ 'ಇಟ್' ಆಗ ಕಣ್ಣಿಗೆ ಬಿತ್ತು. ಕಾಲ್ ಆಫ್ ದ ವಿಸಿಟ್ ಎನ್ನಬಹುದು, ಕಾಲ್ ದ ವಿಸಿಟ್ ಆಫ್ ಎಂದರೂ ಸರಿ; ಆದರೆ ವಿಸಿಟ್ ಬದಲು ಇಟ್ ಬಂದರೆ ಅದು ನಡುವೆಯೇ ನಿಲ್ಲಬೇಕು, 'ಕಾಲ್ ಆಫ್ ಇಟ್' ತಪ್ಪು. ಲುಕ್ ಆಫ್ಟರ್ ಎಂಬುದನ್ನು ಮಾತ್ರ ಹೀಗೆ ಒಡೆಯುವಂತಿಲ್ಲ; ಅಲ್ಲಿ ಲುಕ್ ಆಫ್ಟರ್ ಹರ್ ಎಂದೇ ಹೇಳಬೇಕು. ನಮ್ಮ 'ಕೈಕೊಟ್ಟ' ಎಂಬ ಮಾತಿನಲ್ಲಿ ಕೈಯನ್ನೂ ಕೊಡುವುದನ್ನೂ ಬೇರೆ ಬೇರೆಯಾಗಿ ಹುಡುಕಿದವನಿಗೆ ಮೋಸದ ಅರ್ಥ ಸಿಕ್ಕೀತೇ? ಇಂಗ್ಲಿಷಿನಲ್ಲಿ ನಾನು ಮಾಡಿದ್ದು ಅದನ್ನೇ. ಅಂದಿನಿಂದ ಇಂಥ ಮಾತುಗಳನ್ನು ಬಿಡಿಪದಗಳಾಗಿ ಕಲಿಯುವುದನ್ನು ಬಿಟ್ಟು, ಬುಕಿಂಗ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಡೀ ವಾಕ್ಯಗಳಾಗಿ ಬರೆದಿಡತೊಡಗಿದೆ.

ಆಗಸ್ಟಿನಲ್ಲಿ ಮತ್ತೆ ರಸ್ತೆ ಮುಚ್ಚಿದಾಗ, ಬರಲಿದ್ದ ಇನ್ನೊಂದು ಕುಟುಂಬಕ್ಕೆ 'ಪ್ಲೀಸ್ ಪುಟ್ ಇಟ್ ಆಫ್ ಟಿಲ್ ಸ್ಯಾಟರ್ಡೇ' ಎಂದು ಬರೆದು, ಅಮ್ಮನಿಗೆ ಓದಿ ಹೇಳಿಯೇ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು. ಶನಿವಾರ ಮಧ್ಯಾಹ್ನದ ಊಟಕ್ಕೆ ನಾಲ್ವರು ಎಂದು ಪುಸ್ತಕದಲ್ಲಿ ಬರೆದುಕೊಂಡೆ.