ಚಿನ್ನದ ಹಿಂಗಾರ

ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ, ಮನೆ ಒಕ್ಕಲಿಲ್ಲ. ಹಾಗಾಗಿ ಚಿನ್ನದ ಕೆಲಸದ ಆಚಾರ್ರಿಗೆ ಕೆಲಸವೂ ಕಡಿಮೆ. ಬೇರೆ ತಿಂಗಳಾಗಿದ್ದರೆ ಅವರು ನನ್ನ ಲ್ಯಾಪ್‌ಟಾಪನ್ನು ಜಗಲಿಗೂ ಹತ್ತಿಸುತ್ತಿರಲಿಲ್ಲ.

ಬದಿಯಡ್ಕದಿಂದ ಕುಂಬಳೆಗೆ ಹೋಗುವ ದಾರಿಯಲ್ಲಿ, ನೀರ್ಚಾಲಿನಿಂದ ಸ್ವಲ್ಪ ಒಳಗೆ ಅವರ ಮನೆ. ಜಗಲಿಯ ಮೂಲೆಯೇ ಅಂಗಡಿ. ಒಂದು ಗಿಡ್ಡ ಮೇಜು, ಅಡಿಗಲ್ಲು, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಅಜ್ಜಿಯ ಕಾಲದಿಂದ ನಮ್ಮ ಮನೆಯ ಒಡವೆ ಎಲ್ಲ ಅಲ್ಲಿಂದಲೇ. ಈಗ ಅವರ ಮಗ ಗಲ್ಫಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಜನ ಮಂಗಳೂರಿನ ದೊಡ್ಡ ಅಂಗಡಿಗಳಿಗೆ ಹೋಗುತ್ತಾರೆ. ಆಚಾರ್ರ ಹತ್ತಿರ ಬರುವುದು ಹೆಚ್ಚಾಗಿ ಕೊಂಡಿ ಬಿದ್ದ ಸರ, ಸವೆದ ಕರಿಮಣಿ.

ನನ್ನ ಕೆಲಸ ಡಿಜಿಟಲ್ ಸ್ಕಲ್ಪ್ಟಿಂಗ್. ಕಂಪ್ಯೂಟರಿನೊಳಗೆ ಜೇಡಿಮಣ್ಣು ತಿದ್ದಿದ ಹಾಗೆ ಅಂತಿಟ್ಟುಕೊಳ್ಳಿ. ಟ್ಯಾಬ್ಲೆಟ್ ಮೇಲೆ ಪೆನ್ ಒತ್ತಿದರೆ ಮಣ್ಣು ತಗ್ಗುತ್ತದೆ, ಎಳೆದರೆ ಉಬ್ಬುತ್ತದೆ, ತಪ್ಪಿದರೆ ಕಂಟ್ರೋಲ್ ಝಡ್. ವಿಡಿಯೋ ಗೇಮಿಗೆ ರಾಕ್ಷಸರು, ಕತ್ತಿ, ಕಿರೀಟ ಮಾಡುತ್ತೇನೆ. ತಂಗಿಯ ಮದುವೆ ನಿಶ್ಚಯವಾದಾಗ ಅಜ್ಜಿಯ ಒಂದು ಹಳೇ ಬಳೆ ಕರಗಿಸಿ ಅವಳಿಗೊಂದು ಪದಕ ಮಾಡಿಸುವುದು ಅಂತಾಯಿತು. ಡಿಸೈನ್ ನಾನೇ ಮಾಡುತ್ತೇನೆ ಅಂದುಬಿಟ್ಟೆ. ಅಡಿಕೆ ಮರದ ಹಿಂಗಾರ, ಅಂದರೆ ಅದರ ಹೂಗೊಂಚಲು. ಹೊದಿಕೆ ಬಿರಿದು ಎಳೆಗಳು ಹೊರಗೆ ಇಳಿದಿರುವಂತೆ.

ನಾಗರಪಂಚಮಿಗೆ ಅಂತ ಅಪ್ಪ ತೋಟದಿಂದ ಹಿಂಗಾರ ತಂದಿದ್ದರು. ಅದರಲ್ಲಿ ಒಂದು ಎಸಳು ಕೇಳಿ ತೆಗೆದುಕೊಂಡು, ಎದುರಿಗಿಟ್ಟುಕೊಂಡು ಎರಡು ರಾತ್ರಿ ಕೂತೆ. ನಡುವೆ ಮಳೆ, ಕರೆಂಟು ಹೋಗುವುದು, ಬರುವುದು. ಮೂರನೇ ದಿನ ಅಪ್ಪನಿಗೆ ಸ್ಕ್ರೀನ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಹಿಂಗಾರ ಎದುರಲ್ಲೇ ಇಟ್ಟುಕೊಂಡು ಹೀಗೆ ಮಾಡಿದ್ದಾ? ದೊಡ್ಡ ಮೊಗ್ಗು ತುದಿಯಲ್ಲಿ ಎಂತಕ್ಕೆ? ಅಡಿಕೆ ಆಗುವುದು ಬುಡದ ಹೂ. ತುದಿಯದ್ದೆಲ್ಲ ಗಂಡು, ಉದುರಿ ಹೋಗುವಂಥದ್ದು.”

ಅಡಿಕೆ ತೋಟದಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ತಿದ್ದಿದೆ.

ಆಚಾರ್ರ ತಕರಾರು ಬೇರೆಯೇ ಇತ್ತು. ಸ್ಕ್ರೀನಿನ ಮೇಲೆ ಪದಕವನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. ಅವರು ಕೇಳಿದ್ದು ಒಂದೇ: “ಎಷ್ಟು ತೂಗ್ತದೆ?”

ನನ್ನ ರಾಕ್ಷಸರಿಗೆ ಯಾರೂ ತೂಕ ಕೇಳಿದ್ದಿಲ್ಲ. ಲೆಕ್ಕ ಕಷ್ಟವೇನಲ್ಲ. ಗಾತ್ರ ಎಷ್ಟು ಅಂತ ಸಾಫ್ಟ್‌ವೇರೇ ಹೇಳುತ್ತದೆ. 22 ಕ್ಯಾರೆಟ್ ಚಿನ್ನ ಒಂದು ಘನ ಸೆಂಟಿಮೀಟರಿಗೆ ಸುಮಾರು 17.7 ಗ್ರಾಂ. ನನ್ನ ಹಿಂಗಾರ 0.8 ಘನ ಸೆಂಟಿಮೀಟರ್ ಇತ್ತು. ಅಂದರೆ 14 ಗ್ರಾಂ, ಎಂಟು ಗ್ರಾಮಿನ ಪವನು ಲೆಕ್ಕದಲ್ಲಿ ಒಂದು ಮುಕ್ಕಾಲು ಪವನು. ಅಜ್ಜಿಯ ಬಳೆ ಇದ್ದದ್ದು 10 ಗ್ರಾಂ ಚಿಲ್ಲರೆ.

“ಹಿಂದೆ ಟೊಳ್ಳು ಮಾಡು. ಅಂಚು ಮಾತ್ರ ಗಟ್ಟಿ ಇರಲಿ, ನಾನು ಅರ ಹಾಕಬೇಕು. ಮತ್ತೆ ಈ ಗೀರುಗಳೆಲ್ಲ ಎಂತಕ್ಕೆ ಮಾರಾಯ? ಪಾಲಿಶ್ ಹೊಡೆದರೆ ಇದರಲ್ಲಿ ಎರಡು ಉಳೀತದೆ.”

ಹೊದಿಕೆಯ ನಾರು ತೋರಿಸಲು ನಾನು ನೂರಾರು ಗೆರೆ ಎಳೆದಿದ್ದೆ. ಸ್ಕ್ರೀನಿನಲ್ಲಿ ಒಂದಡಿ ದೊಡ್ಡದಾಗಿ ಕಾಣುವಾಗ ಚೆಂದವೇ. ಪದಕದ ನಿಜವಾದ ಉದ್ದ ಮೂರೂವರೆ ಸೆಂಟಿಮೀಟರ್. ಆ ಅಳತೆಗೆ ಇಳಿಸಿ ನೋಡಿದಾಗ ಗೆರೆ ಹೋಗಿ ಕೊಳೆ ಕೂತ ಹಾಗೆ ಕಂಡಿತು. ಹನ್ನೊಂದು ಗೆರೆ ಉಳಿಸಿ ಉಳಿದದ್ದು ಅಳಿಸಿದೆ. ಅಷ್ಟು ಕೆಲಸ ಅಳಿಸುವಾಗ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಮೊದಲು ಬೆಳ್ಳಿಯಲ್ಲಿ ನೋಡುವ ಅಂತ ಮಾಡಿದೆವು. ಮಂಗಳೂರಿನಲ್ಲಿ ಎರಕ ಹೊಯ್ದುಕೊಡುವವರಿದ್ದಾರೆ. ಫೈಲ್ ಕೊಟ್ಟರೆ, ಸುಟ್ಟಾಗ ಬೂದಿ ಉಳಿಸದೆ ಹೋಗುವ ರಾಳದಲ್ಲಿ ತ್ರೀಡಿ ಪ್ರಿಂಟ್ ತೆಗೆಯುತ್ತಾರೆ. ಲೋಹ ಒಳಗೆ ಇಳಿಯುವ ದಾರಿಗೆ ಅಂತ ಅದಕ್ಕೊಂದು ಕಾಂಡ ಅಂಟಿಸಿ, ಡಬ್ಬಿಯಲ್ಲಿಟ್ಟು, ಸುತ್ತ ಪ್ಲಾಸ್ಟರ್ ಹೊಯ್ಯುತ್ತಾರೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಡಬ್ಬಿ ಒಲೆಗೆ. ರಾತ್ರಿಯಿಡೀ ನಿಧಾನಕ್ಕೆ 730 ಡಿಗ್ರಿಯವರೆಗೆ ಕಾಯಿಸಿದಾಗ ರಾಳ ಸುಟ್ಟು ಹೋಗಿ, ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಬೆಳಿಗ್ಗೆ ಆ ಜಾಗಕ್ಕೆ ಕರಗಿದ ಲೋಹ. ತಣಿಯುವಾಗ ಲೋಹ ಕುಗ್ಗುತ್ತದೆ, ಅದಕ್ಕೆ ಶೇಕಡಾ ಎರಡರಷ್ಟು ದೊಡ್ಡದೇ ಮಾಡಿ ಕಳಿಸಿದ್ದೆ.

ಇದನ್ನೆಲ್ಲ ಆಚಾರ್ರಿಗೆ ಬಹಳ ಹುರುಪಿನಿಂದ ವಿವರಿಸಿದೆ. ಅವರು ವೀಳ್ಯಕ್ಕೆ ಸುಣ್ಣ ಹಚ್ಚುತ್ತಾ, “ಮೇಣ ಕರಗಿಸಿ ಎರಕ ಹೊಯ್ಯುವುದು ನಮ್ಮವರಿಗೆ ಹೊಸದಾ? ಭೂತದ ಮೊಗ ಮತ್ತೆ ಹೇಗೆ ಮಾಡ್ತಿದ್ದರು ಅಂತ ಎಣಿಸಿದ್ದಿ?” ಅಂದರು. ಹೌದಲ್ಲ! ಆಮೇಲೆ ಹುಡುಕಿದರೆ, ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮೇಣದ ಎರಕದ ವಿವರ ಇದೆ. ನಾನು ಹೊಸ ತಂತ್ರಜ್ಞಾನ ಅಂತ ಭಾಷಣ ಬಿಗಿದಿದ್ದೆ.

ಬೆಳ್ಳಿಯ ಪದಕ ಬಂತು. ಹೊದಿಕೆ ಅದ್ಭುತ. ಎಳೆಗಳು ಮಾತ್ರ ಇಲ್ಲ. ಹದಿನಾಲ್ಕರಲ್ಲಿ ಮೂರು ಬಂದಿದ್ದವು, ಉಳಿದವು ಅರ್ಧಕ್ಕೇ ನಿಂತಿದ್ದವು. ಕೊಳೆರೋಗ ಬಂದ ಗೊನೆಯ ಹಾಗೆ ಬೋಳುಬೋಳು. ತಪ್ಪು ನನ್ನದೇ. ಎಳೆಯನ್ನು 0.3 ಮಿಲಿಮೀಟರ್ ದಪ್ಪ ಇಟ್ಟಿದ್ದೆ. ಅಷ್ಟು ಸಣ್ಣ ತೂತಿನಲ್ಲಿ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ದಪ್ಪ ಮಾಡಿದರೆ ತುಂಬುತ್ತದೆ, ಆದರೆ ಅದು ಹಿಂಗಾರವಾಗುವುದಿಲ್ಲ, ಹಿಡಿಸೂಡಿಯಾಗುತ್ತದೆ.

ಆಚಾರ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ನೀನು ಹೊದಿಕೆ ಮಾತ್ರ ಮಾಡಿ ಕೊಡು. ಎಳೆ ತಂತಿಯಲ್ಲಿ ಎಳೆಯುವ. ಬುಡದಲ್ಲಿ ಹದಿನಾಲ್ಕು ತೂತು ಬಿಡು, ಅರ್ಧ ಮಿಲ್ಲಿಯದ್ದು.”

ಆಚಾರ್ರ ಬಾಯಲ್ಲಿ ಅರ್ಧ ಮಿಲ್ಲಿ ಕೇಳಿ ನನಗೆ ನಗು ಬಂತು. ತೂತು ಬಿಟ್ಟೆ, ಎರಕದಲ್ಲಿ ಮುಚ್ಚಿಹೋದೀತು ಅಂತ ಸ್ವಲ್ಪ ದೊಡ್ಡದೇ.

ಬಳೆ ಕರಗಿಸುವ ಮೊದಲು ಆಚಾರ್ರು ಒರೆಗಲ್ಲಿಗೆ ಉಜ್ಜಿದರು. ಈಗಿನ ಅಂಗಡಿ ಒಡವೆಯಾದರೆ 22 ಕ್ಯಾರೆಟ್ ಅಂತ ಹೇಳುವ 916 ಗುರುತು, ಎಚ್‌ಯುಐಡಿ ಅನ್ನುವ ಆರು ಅಕ್ಷರದ ಹಾಲ್‌ಮಾರ್ಕ್ ಸಂಕೇತ ಎಲ್ಲ ಇರುತ್ತದೆ. ಅಜ್ಜಿಯ ಬಳೆಗೆ ಏನಿದೆ? ಅಂಚಿನಲ್ಲಿ ಆಚಾರ್ರ ಅಪ್ಪ ಹೊಡೆದ ಒಂದು ಚುಕ್ಕಿ ಮಾತ್ರ. “ಚಿನ್ನ ಒಳ್ಳೆಯದೇ. ಬೆಸುಗೆ ಹಾಕಿದ ಜಾಗ ಕತ್ತರಿಸಿ ತೆಗೆಯುವ. ಅದು ಸೇರಿದರೆ ಎರಕ ತೂತು ತೂತಾಗ್ತದೆ.” ಕತ್ತರಿಸಿದ ಚೂರನ್ನು ತೂಗಿ, ಕಾಗದದಲ್ಲಿ ಮಡಚಿ ನನ್ನ ಕೈಗೇ ಕೊಟ್ಟರು. ಎರಕಕ್ಕೆ ಮಂಗಳೂರಿಗೆ ತಾವೂ ಬಂದರು. ಕುಂಬಳೆಯಿಂದ ರೈಲಿನಲ್ಲಿ ಹೋದೆವು, ಚಿನ್ನ ಅವರ ಬನಿಯನ್ನಿನ ಒಳಜೇಬಿನಲ್ಲಿ. ಕರಗುವಷ್ಟು ಹೊತ್ತೂ ಮೂಸೆಯಿಂದ ಕಣ್ಣು ತೆಗೆಯಲಿಲ್ಲ. ಅನುಮಾನ ಅಂತ ಅಲ್ಲ, ಅದು ರೂಢಿ.

ಆಮೇಲಿನ ದಿನವೇ ನಾನು ಬರೆಯಬೇಕು ಅಂತಿದ್ದ ದಿನ.

ಎರಕದ ಕಾಂಡ ಕತ್ತರಿಸಿ ತೆಗೆದಾಗ ಎರಡೂವರೆ ಗ್ರಾಂ ಚಿನ್ನ ಉಳಿಯಿತು. ಎಳೆಗೆ ಅದೇ ಸಾಮಾನು. ಆಚಾರ್ರು ಅದನ್ನು ಕರಗಿಸಿ ಕಡ್ಡಿ ಮಾಡಿ, ಬಡಿದು, ಉಕ್ಕಿನ ಪಟ್ಟಿಯ ತೂತುಗಳಲ್ಲಿ ಎಳೆಯತೊಡಗಿದರು. ಒಂದು ತೂತಿಗಿಂತ ಮುಂದಿನದು ಸಣ್ಣದು. ಎರಡು ಮೂರು ತೂತು ದಾಟಿದರೆ ತಂತಿ ಬಿರುಸಾಗುತ್ತದೆ. ಕಾಸಿ ಮೆದು ಮಾಡಬೇಕು, ಮತ್ತೆ ಎಳೆಯಬೇಕು. ಅರ್ಧ ಮಿಲ್ಲಿಗೆ ಬರುವಾಗ ಮಧ್ಯಾಹ್ನವಾಗಿತ್ತು.

ಊಟ ಮುಗಿಸಿ ಮೊಗ್ಗಿನ ಕೆಲಸ. ತಂತಿಯನ್ನು ಸಣ್ಣ ಸೂಜಿಗೆ ಒತ್ತೊತ್ತಾಗಿ ಸುತ್ತಿದರು. ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದಾಗ ಎಲ್ಲ ಒಂದೇ ಅಳತೆಯ ಪುಟ್ಟ ಬಳೆಗಳು. ಅವನ್ನು ಇದ್ದಿಲಿನ ಮೇಲೆ ಸಾಲಾಗಿ ಇಟ್ಟರು. ಗ್ಯಾಸ್ ಟಾರ್ಚ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಚಿಮಿಣಿ ದೀಪ ಹಚ್ಚಿ ಊದುಕೊಳವೆ ಬಾಯಿಗಿಟ್ಟರು. ಕೆನ್ನೆ ಉಬ್ಬಿಯೇ ಇದೆ, ಮೂಗಿನಲ್ಲಿ ಉಸಿರು ಒಳಗೆ ಹೋಗುತ್ತಿದೆ, ಜ್ವಾಲೆ ಮಾತ್ರ ಕಡಿಯುವುದೇ ಇಲ್ಲ. ಪುಟ್ಟ ಬಳೆ ಕೆಂಪಾಯಿತು. ಅಂಚು ಮಂಜಾಯಿತು. ಆಮೇಲೆ ಒಮ್ಮೆಲೇ, ಕೆಸುವಿನೆಲೆ ಮೇಲಿನ ನೀರಿನ ಹಾಗೆ, ಮುದುಡಿ ಗುಂಡಗಾಗಿ ಒಂದು ಸುತ್ತು ತಿರುಗಿ ನಿಂತಿತು. ಕರಗಿದ ಲೋಹ ತಾನಾಗಿಯೇ ಗುಂಡಗಾಗುತ್ತದೆ ಅಂತ ಓದಿದ್ದೆ. ಕಣ್ಣೆದುರು ಆದಾಗ ಬೇರೆಯೇ. ಕಂಪ್ಯೂಟರಿನಲ್ಲಿ ಗುಂಡು ಬೇಕಾದರೆ ಒಂದು ಬಟನ್ ಒತ್ತುತ್ತೇನೆ. ಇಲ್ಲೊಂದು ಗುಂಡಿಗೆ ಒಂದು ಉಸಿರು.

ಬುಡಕ್ಕೆ ಒಂದು ಮಿಲ್ಲಿಯ ಗುಂಡು, ತುದಿ ಕಡೆಗೆ ಸಣ್ಣ ಸಣ್ಣದು. ಅಪ್ಪ ಹೇಳಿದ ಹಾಗೆ. ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಒಂದೊಂದೇ ಕೂರಿಸಿದರು. ನನ್ನ ಫೈಲಿನಲ್ಲಿ ಎಳೆಗಳೆಲ್ಲ ಲೆಕ್ಕಾಚಾರದಲ್ಲಿ ಬಾಗಿದ್ದವು. ಅವರು ಚಿಮಟದಲ್ಲಿ ಒಂದನ್ನು ಇನ್ನೊಂದರ ಮೇಲೆ ಹಾಯಿಸಿದರು, ಒಂದನ್ನು ಸುಮ್ನೆ ಓರೆ ಮಾಡಿದರು. ನಾನು ಬಾಯಿ ಬಿಡಲಿಲ್ಲ. ಅವರದ್ದೇ ಸರಿ ಇತ್ತು. ಕಪ್ಪಾಗಿದ್ದ ಪದಕ ಹುಣಸೆ ಹುಳಿಯಲ್ಲಿ ತೊಳೆದ ಮೇಲೆ ಬಣ್ಣಕ್ಕೆ ಬಂತು.

ಒಟ್ಟು 8.9 ಗ್ರಾಂ. ಮಜೂರಿ ಎಷ್ಟು ಅಂದರೆ, “ಹೊದಿಕೆ ನಿನ್ನದಲ್ವಾ, ಎಳೆಯದ್ದು ಮಾತ್ರ ಕೊಡು” ಅಂದರು. ಅದರ ಮೇಲೆ ಸುಮಾರು ಹೊತ್ತು ಜಗಳವಾಡಿ, ಕೊನೆಗೆ ನಾನೇ ಗೆದ್ದೆ.

ಲೆಕ್ಕ ಹಾಕುವಾಗ ಮೂರು ದೊಡ್ಡ ಗುಂಡು ಕಡಿಮೆ ಬಂದವು. ಹೆಚ್ಚಿಗೆ ಮಾಡಿಟ್ಟವು, ಎಲ್ಲೋ ಉರುಳಿ ಹೋಗಿದ್ದವು. ಒಂದರ ತೂಕ 9 ಮಿಲಿಗ್ರಾಂ. ಹೋಗಲಿ ಬಿಡಿ ಅಂದೆ. ಆಚಾರ್ರು ನನ್ನ ಮುಖ ನೋಡಿ ಏನೂ ಹೇಳದೆ ಪೊರಕೆ ತೆಗೆದುಕೊಂಡರು.

ಹತ್ತು ದಿನ ಕಳೆದು ಫೋನ್ ಬಂತು. “ಎರಡು ಸಿಕ್ಕಿತು ಮಾರಾಯ. ಒಂದು ಬಾಕಿ ಉಂಟು.”