ಗರಿಯ ಮಾಡು ಮುಗಿಯಲಿಲ್ಲ

ಎರಡು ದಿನದಿಂದ ಜಪಾನಿನ ಅರಸರ ಪುರಾಣ ವಂಶಾವಳಿ ತಲೆಯಿಂದ ಇಳಿಯುತ್ತಿಲ್ಲ. ಸೂರ್ಯದೇವತೆ ಅಮತೆರಾಸು, ಭೂಮಿಗೆ ಇಳಿದುಬಂದ ಅವಳ ಮೊಮ್ಮಗ ನಿನಿಗಿ, ಅವನ ಮರಿಮಗ ಜಿಮ್ಮು ಮೊದಲ ಚಕ್ರವರ್ತಿ. ಜಪಾನಿನ ಹಳೆಯ ಪುರಾಣ-ಚರಿತ್ರೆ ಗ್ರಂಥಗಳಾದ 712ರ ಕೋಜಿಕಿ, 720ರ ನಿಹೋನ್ ಶೋಕಿ, ಎರಡರಲ್ಲೂ ಈ ಸಾಲು ಇದೆ. ಆಳುವ ಮನೆತನಕ್ಕೆ ದೈವದ ಮುದ್ರೆ ಬೇಕಿತ್ತು, ಸರಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವೆ ಬರುವ ಒಬ್ಬ ತಾಯಿ.

ಕಡಲರಾಜನ ಮಗಳು, ನಿನಿಗಿಯ ಸೊಸೆ ತೊಯೊತಮ ಹೆರಿಗೆಗೆಂದು ದಡಕ್ಕೆ ಬರುತ್ತಾಳೆ. ನೀರುಕಾಗೆಯ ಗರಿ ಹೊದಿಸಿ ಗುಡಿಸಲು ಕಟ್ಟುತ್ತಿದ್ದಾರೆ. ಮಾಡು, ಅಂದರೆ ಸೂರು, ಮುಗಿಯುವ ಮೊದಲೇ ನೋವು ಶುರು. ನೋಡಬೇಡ ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಅವನು ಇಣುಕಿದ. ಒಳಗೆ ಹೊರಳಾಡುತ್ತಿದ್ದದ್ದು ಒಂದು ದೊಡ್ಡ ಕಡಲಪ್ರಾಣಿ. ನಾಚಿಕೆಯಿಂದ ಕೂಸನ್ನು ಅಲ್ಲೇ ಬಿಟ್ಟು ಕಡಲಿಗೆ ಮರಳಿದಳು, ಸಾಕಲು ತಂಗಿಯನ್ನು ಕಳಿಸಿದಳು. ಮಗುವಿನ ಹೆಸರಿನಲ್ಲೇ 'ನೀರುಕಾಗೆ ಗರಿಯ ಮಾಡು ಮುಗಿಯಲಿಲ್ಲ' ಎಂಬ ಮಾತು ಸೇರಿಕೊಂಡಿದೆ! ಆ ಕೂಸೇ ಜಿಮ್ಮುವಿನ ತಂದೆ.

ಜಪಾನಿನ ಮಿಯಾಜಾಕಿಯ ಕಡಲಂಚಿನ ಗವಿಯಲ್ಲಿ ಉದೊ ಗುಡಿ ಇದೆ. ತೊಯೊತಮ ಮಗನಿಗೆಂದು ಬಿಟ್ಟುಹೋದ ಮೊಲೆ ಎಂದು ನಂಬುವ ಬಂಡೆಯಿಂದ ಅಲ್ಲಿ ಇಂದಿಗೂ ನೀರು ತೊಟ್ಟಿಕ್ಕುತ್ತದೆ. ಸುಖಪ್ರಸವಕ್ಕೆ ಹರಸಿಕೊಳ್ಳಲು ಜನ ಹೋಗುತ್ತಾರೆ. ಇದನ್ನು ಓದುವಾಗ ನನ್ನ ಮಗಳು ಪಕ್ಕದಲ್ಲೇ ಮಲಗಿದ್ದಳು. ಅವಳ ಹೊದಿಕೆ ಸರಿಮಾಡಿ ಸುಮ್ಮನೆ ಕೂತೆ.

ತೊಯೊತಮ ತಂಗಿಯ ಕೈಯಲ್ಲಿ ಗಂಡನಿಗೊಂದು ಹಾಡು ಕಳಿಸಿದಳು. ಕಾಡುಬಾತುಗಳು ಇಳಿಯುವ ದ್ವೀಪದಲ್ಲಿ ಜೊತೆಗೆ ಮಲಗಿದವಳನ್ನು ಉಸಿರಿರುವ ತನಕ ಮರೆಯೆ ಎಂದು ಅವನು ಮರುಹಾಡು ಬರೆದ.