ಗಿಟಾರ್ ಮೇಲೆ ಹೆಸರಿದ್ದರೆ ಎಷ್ಟು ದುಡ್ಡು?

ನಾನು ಗಿಟಾರ್ ರಿಪೇರಿ ಮಾಡುವವನು. ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್ ಸವೆದರೆ ಬದಲಿಸುತ್ತೇನೆ, ಗಿಟಾರಿನ ಕತ್ತು, ಅಂದರೆ ನೆಕ್ ಬಾಗಿದರೆ ಸರಿ ಮಾಡುತ್ತೇನೆ. ಯಾವ ಕಂಪನಿಯ ಲೆಕ್ಕಪತ್ರವನ್ನೂ ಬರೆಯುವುದಿಲ್ಲ. ಆದರೂ ಮೇಜಿನ ಮೇಲೆ ಯಾರದಾದರೂ ದೊಡ್ಡವರ ಹೆಸರಿರುವ ಸಿಗ್ನೇಚರ್ ಗಿಟಾರ್ ಬಿದ್ದಿದ್ದರೆ ಸಾಕು, ಬಂದವರು ಕೇಳುವುದು ಇದನ್ನೇ: "ಸುಮ್ನೆ ಒಂದು ಸೈನ್ ಹಾಕಿದ್ದಕ್ಕೆ ಇವರಿಗೆ ಎಷ್ಟು ಕೊಡ್ತಾರೆ?"

ಕೇಳುವವರ ಹತ್ತಿರ ಉತ್ತರ ಮೊದಲೇ ಇರುತ್ತದೆ. ಕೋಟಿಗಟ್ಟಲೆ! ನಾನು ಹೌದು ಅಂತ ತಲೆಯಾಡಿಸಬೇಕು, ಅಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಜಾಹೀರಾತಿನಲ್ಲಿ ಗಿಟಾರ್ ಹಿಡಿದು ನಿಂತವರಲ್ಲಿ ಹೆಚ್ಚಿನವರಿಗೆ ಕಂಪನಿ ದುಡ್ಡೇ ಕೊಡುವುದಿಲ್ಲ. ಗಿಟಾರ್ ಕಡಿಮೆ ಬೆಲೆಗೆ ಸಿಗುತ್ತದೆ. ಸ್ವಲ್ಪ ಹೆಸರು ಮಾಡಿದ್ದರೆ ಪುಕ್ಕಟೆಯಾಗಿ ಸಿಗಬಹುದು, ಇಲ್ಲವೇ ಪ್ರವಾಸ ಮುಗಿಯುವವರೆಗೆ ಎರವಲು ಸಿಗಬಹುದು. ಬದಲಿಗೆ ಅವರು ವೇದಿಕೆಯ ಮೇಲೆ ಅದನ್ನೇ ನುಡಿಸಬೇಕು, ಫೋಟೊದಲ್ಲಿ ಅದೇ ಕಾಣಬೇಕು. ತನ್ನದೇ ಹೆಸರಿನ ಮಾಡೆಲ್ ಇರುವುದು ಕೆಲವೇ ಕೆಲವರಿಗೆ. ಅವರಿಗೆ ಸಾಮಾನ್ಯವಾಗಿ ಮಾರಾಟವಾದ ಒಂದೊಂದು ಗಿಟಾರಿಗೆ ಇಷ್ಟು ಅಂತ ರಾಯಲ್ಟಿ ಇರುತ್ತದೆ. ಒಪ್ಪಂದದ ಅಂಕಿಗಳನ್ನು ಎರಡೂ ಕಡೆಯವರು ಗುಟ್ಟಾಗಿಯೇ ಇಡುತ್ತಾರೆ. ಆದರೆ ಅದು ಅರ್ಧವೂ ಅಲ್ಲ, ಕಾಲೂ ಅಲ್ಲ. ಸಣ್ಣ ಪಾಲು. ಅದನ್ನೂ ಅಂಗಡಿಯ ಬೆಲೆಯ ಮೇಲಲ್ಲ, ಕಂಪನಿ ಅಂಗಡಿಯವರಿಗೆ ಕೊಡುವ ಸಗಟು ಬೆಲೆಯ ಮೇಲೆ ಲೆಕ್ಕ ಹಾಕುವುದೇ ಹೆಚ್ಚು.

ಇಷ್ಟು ಹೇಳಿದರೂ ಜನ ಒಪ್ಪುವುದಿಲ್ಲ. ಒಬ್ಬರಂತೂ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದೇ ಬಿಟ್ಟರು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ನುಡಿಸುತ್ತಿದ್ದ 'ಫ್ರಾಂಕನ್‌ಸ್ಟೈನ್' ಗಿಟಾರಿನ ನಕಲನ್ನು ಫೆಂಡರ್ ಕಂಪನಿ 2007ರಲ್ಲಿ ಹೊರತಂದಿತ್ತು. 300 ಮಾತ್ರ, ಒಂದಕ್ಕೆ 25,000 ಡಾಲರ್. ಈ ಮಹಾನುಭಾವರು ಗುಣಿಸಿದರು. 75 ಲಕ್ಷ ಡಾಲರ್ ಬಂತು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, "ಅರ್ಧ ಅವನಿಗೇ ಹೋಗಿರುತ್ತೆ ಅಲ್ವಾ?" ಅಂದರು. ನನ್ನ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇತ್ತು. ಸುಮ್ಮನಿರುವುದೇ ಇಬ್ಬರಿಗೂ ಒಳ್ಳೆಯದು ಅನ್ನಿಸಿತು.

ಆ ನಕಲು ಮಾಡುವುದು ಎಂಥ ಕೆಲಸ ಗೊತ್ತೇ? ಮೂಲ ಗಿಟಾರಿನ ಮೇಲಿನ ಒಂದೊಂದು ಗೀರು, ಸುಟ್ಟ ಕಲೆ, ಕಿತ್ತುಹೋದ ಬಣ್ಣ ಎಲ್ಲವನ್ನೂ ಕೈಯಲ್ಲೇ ಮತ್ತೆ ಮೂಡಿಸಬೇಕು. ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಎಡ್ಡಿ ಒಂದು 1971ರ ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯವನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ನಕಲಿನಲ್ಲೂ 1971ರದ್ದೇ ನಾಣ್ಯ. ಇಂಥ ಕೆಲಸಕ್ಕೆ ಕೂಲಿ ಇದೆ, ಅಂಗಡಿಯವನಿಗೆ ಲಾಭ ಇದೆ. ಅದೆಲ್ಲ ಆ 75 ಲಕ್ಷದಿಂದಲೇ ಹೋಗಬೇಕು, ಅರ್ಧ ಪಾಲು ಎಲ್ಲಿಂದ ಬರಬೇಕು? ಎಡ್ಡಿ ಆ ಮೂಲ ಗಿಟಾರನ್ನು ಜೋಡಿಸಿದ್ದು ಮಾತ್ರ 50 ಡಾಲರಿನ ಬಾಡಿ, 80 ಡಾಲರಿನ ನೆಕ್ ತಂದು. ಇದನ್ನು ಯಾರೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡುವುದಿಲ್ಲ.

ಸರಿ, ಲೆಕ್ಕವೇ ಬೇಕು ಅನ್ನುವವರಿಗಾಗಿ ಒಂದು ಲೆಕ್ಕ. ಇದು ನಾನೇ ಕಟ್ಟಿದ ಉದಾಹರಣೆ, ಯಾರ ಒಪ್ಪಂದವೂ ಅಲ್ಲ. ಅಂಗಡಿಯಲ್ಲಿ 2,000 ಡಾಲರಿನ ಗಿಟಾರ್ ಅಂದುಕೊಳ್ಳಿ. ಕಂಪನಿ ಅದನ್ನು ಅಂಗಡಿಗೆ 1,300ಕ್ಕೆ ಕೊಟ್ಟಿದೆ. ರಾಯಲ್ಟಿ ಶೇಕಡಾ 5. ಕಲಾವಿದನಿಗೆ ಬಂದದ್ದು 65 ಡಾಲರ್. ವರ್ಷಕ್ಕೆ 500 ಗಿಟಾರ್ ಹೋದರೆ 32,500 ಡಾಲರ್. ಅದರಲ್ಲಿ ಮ್ಯಾನೇಜರ್ ಪಾಲು ತೆಗೆಯಿರಿ, ತೆರಿಗೆ ತೆಗೆಯಿರಿ, ಮುಂಗಡ ಕೊಟ್ಟಿದ್ದರೆ ಅದನ್ನೂ ಮುರಿದುಕೊಳ್ಳಿ. ಕೆಟ್ಟ ದುಡ್ಡೇನಲ್ಲ. ಆದರೆ ದ್ವೀಪ ಕೊಂಡುಕೊಳ್ಳುವಷ್ಟೂ ಅಲ್ಲ.

ದುಡ್ಡು ನಿಜವಾಗಿ ಜಾಸ್ತಿಯಾಗುವ ಜಾಗ ಬೇರೆ. ಗಾಯಕ, ಗಿಟಾರ್ ವಾದಕ ಜಾನ್ ಮೇಯರ್ ಫೆಂಡರ್ ಬಿಟ್ಟು ಪಿಆರ್‌ಎಸ್ ಕಂಪನಿಗೆ ಹೋದರು. 2018ರಲ್ಲಿ ಅಲ್ಲಿಂದ ಅವರ ಗಿಟಾರ್ 'ಸಿಲ್ವರ್ ಸ್ಕೈ' ಬಂತು, ಬೆಲೆ 2,299 ಡಾಲರ್. ಇದು ಫೆಂಡರ್ ಕಂಪನಿಯ ಹೆಸರಾಂತ ಮಾಡೆಲ್ ಸ್ಟ್ರಾಟೊಕಾಸ್ಟರ್ ಥರಾನೇ ಇದೆಯಲ್ಲ ಅಂತ ಜನ ಆಡಿಕೊಂಡರು. 2022ರಲ್ಲಿ ಅದರ ಅಗ್ಗದ ರೂಪ ಬಂತು, 849 ಡಾಲರಿಗೆ. 2,299 ಕೊಡಲಾಗದ, ಆದರೆ ಅದೇ ಹೆಸರು ಬೇಕು ಅನ್ನುವ ಹುಡುಗ ಹುಡುಗಿಯರಿಗೆಲ್ಲ ಇದು ಕೈಗೆಟುಕಿತು. ಒಂದು ಗಿಟಾರಿನಲ್ಲಿ ಪಾಲು ಚಿಕ್ಕದಾಗುತ್ತದೆ, ಆದರೆ ಗಿಟಾರುಗಳ ಸಂಖ್ಯೆ ಏರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಡುವ 300 ಗಿಟಾರುಗಳಿಗಿಂತ, ಕಲಿಯುವವರು ಕೊಳ್ಳುವ ಸಾವಿರಾರು ಗಿಟಾರುಗಳೇ ರಾಯಲ್ಟಿಗೆ ಮೇಲು.

ಎಲ್ಲರೂ ಆ ದುಡ್ಡನ್ನು ಜೇಬಿಗೇ ಹಾಕಿಕೊಳ್ಳುತ್ತಾರೆ ಅಂತಲೂ ಇಲ್ಲ. ಅಮೆರಿಕದ ಗಾಯಕಿ, ಗಿಟಾರ್ ವಾದಕಿ ಬಾನಿ ರೇಟ್ ಅವರ ಹೆಸರಿನ ಸ್ಟ್ರಾಟೊಕಾಸ್ಟರ್ 1995ರಲ್ಲಿ ಬಂತು. ಫೆಂಡರ್ ಒಬ್ಬ ಮಹಿಳೆಯ ಹೆಸರಿನಲ್ಲಿ ಗಿಟಾರ್ ಮಾಡಿದ್ದು ಅದೇ ಮೊದಲು. ಅದರ ರಾಯಲ್ಟಿಯನ್ನು ಅವರು ಅಮೆರಿಕದ ಬಡ ಮಕ್ಕಳಿಗೆ ಗಿಟಾರ್ ಕಲಿಸುವ ಕೆಲಸಕ್ಕೆ ಕೊಟ್ಟರು. ಕ್ಯಾಲ್ಕುಲೇಟರ್ ಮಹಾನುಭಾವರಿಗೆ ಇದನ್ನು ಹೇಳಿದ್ದರೆ "ತೆರಿಗೆ ಉಳಿಸೋಕೆ ಇರ್ಬೇಕು" ಅನ್ನುತ್ತಿದ್ದರು. ಖಂಡಿತ ಅನ್ನುತ್ತಿದ್ದರು.

ನನಗೆ ಸಿಟ್ಟು ಬರುವುದು ದುಡ್ಡಿನ ಪ್ರಶ್ನೆಗಲ್ಲ. ದುಡ್ಡು ಯಾರಿಗೆ ಬೇಡ? ದೊಡ್ಡವರ ಹೆಸರಿನ ಗಿಟಾರ್ ನನ್ನ ಮೇಜಿನ ಮೇಲೆ ಬಿಚ್ಚಿದ ಸ್ಥಿತಿಯಲ್ಲಿ, ಹೊಟ್ಟೆಯೆಲ್ಲ ಕಾಣುವ ಹಾಗೆ ಕಣ್ಣೆದುರೇ ಬಿದ್ದಿರುತ್ತದೆ. ಆದರೂ ಒಬ್ಬರೂ ಬಗ್ಗಿ ನೋಡಿ, "ಇದರಲ್ಲಿ ಆ ಹೆಸರಿನ ಕಲಾವಿದ ಬದಲಿಸಿದ್ದು ಯಾವುದು?" ಅಂತ ಕೇಳುವುದಿಲ್ಲ. ಕೇಳಿದರೆ ನಾನು ಕೆಲಸ ಬಿಟ್ಟು ಕುಳಿತು ಹೇಳುತ್ತೇನೆ.

ರಾಕ್ ವಾದಕ ಸ್ಟೀವ್ ವಾಯ್ ಅವರದು ಐಬನೆಜ್ ಕಂಪನಿಯ ಜೆಮ್ ಗಿಟಾರ್ ನೋಡಿ, 1987ರದ್ದು. ಬಾಡಿಯಲ್ಲಿ ಒಂದು ಹಿಡಿಕೆ ಕೊರೆದಿದ್ದಾರೆ. ಅದನ್ನು ನೋಡಿ ನಗುವವರೇ ಜಾಸ್ತಿ, ನಗಲಿ. ಅದರ ಬ್ರಿಡ್ಜ್ ಹಿಂದೆ ಉಗುರಿನಲ್ಲಿ ಕೆರೆದ ಹಾಗೆ ಒಂದು ಗುಂಡಿ ಇದೆ. ಟ್ರೆಮೊಲೊ ಕಡ್ಡಿಯನ್ನು ಕೆಳಗೆ ಒತ್ತಿದರೆ ಸ್ವರ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಏರುತ್ತದೆ. ಮೇಲಕ್ಕೆ ಎಳೆದಾಗ ಬ್ರಿಡ್ಜ್‌ನ ಹಿಂಭಾಗ ಹೋಗಿ ಮರಕ್ಕೆ ತಾಗಬಾರದಲ್ಲ, ಅದಕ್ಕೆ ಆ ಗುಂಡಿ. ಕೊನೆಯ ನಾಲ್ಕು ಫ್ರೆಟ್‌ಗಳ ನಡುವಿನ ಮರವನ್ನೂ ಕೆರೆದು ತಗ್ಗು ಮಾಡಿದ್ದಾರೆ, ತಂತಿ ಎಳೆಯುವಾಗ ಬೆರಳಿಗೆ ಹಿಡಿತ ಸಿಗಲಿ ಅಂತ. ಸೈನ್ ಹಾಕಿದ್ದಕ್ಕೆ ಇಷ್ಟೆಲ್ಲ ಆಗುವುದಿಲ್ಲ.

ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಅವರದು ಬಲಗೈ ಗಿಟಾರ್, ಆದರೆ ಟ್ರೆಮೊಲೊ ಎಡಗೈ ಗಿಟಾರಿನದು, ಕಡ್ಡಿ ಮೇಲ್ಗಡೆ ಬರುತ್ತದೆ. ಸ್ಟೀವಿಗೆ ಆದರ್ಶವಾಗಿದ್ದ ಎಡಗೈ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನು ತಿರುಗಿಸಿ ಹಿಡಿಯುತ್ತಿದ್ದರು, ಅವರ ಕಡ್ಡಿಯೂ ಹಾಗೇ ಮೇಲಿರುತ್ತಿತ್ತು. ಸ್ಟೀವಿ 1990ರಲ್ಲೇ ತೀರಿಹೋದರು, ಅವರ ಹೆಸರಿನ ಗಿಟಾರ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ.

ಇನ್ನು ಲೆಸ್ ಪಾಲ್. ಎಲ್ಲರಿಗೂ ಗೊತ್ತಿರುವ ಹೆಸರು, ಎಷ್ಟೋ ಜನರಿಗೆ ಅದು ಮನುಷ್ಯನ ಹೆಸರು ಅಂತಲೇ ಗೊತ್ತಿಲ್ಲ. ಅವರು ಗಿಟಾರ್ ವಾದಕ. ಗಿಬ್ಸನ್ ಕಂಪನಿ 1952ರಲ್ಲಿ ಅವರ ಹೆಸರಿನ ಗಿಟಾರ್ ತಂದಿತು. ಆ ಗಿಟಾರಿನಲ್ಲಿ ಖಚಿತವಾಗಿ ಅವರದೇ ಅನ್ನಬಹುದಾದ ಭಾಗ ಅಂದರೆ ಬ್ರಿಡ್ಜ್ ಮತ್ತು ತಂತಿ ಕಟ್ಟುವ ಪಟ್ಟಿ ಒಂದೇ ಆಗಿದ್ದ ಜೋಡಣೆ. ಆದರೆ ನೆಕ್ ಸಾಕಷ್ಟು ಓರೆಯಾಗಿ ಕೂತಿರಲಿಲ್ಲ. ಹಾಗಾಗಿ ತಂತಿಗಳನ್ನು ಬ್ರಿಡ್ಜ್ ಸರಳಿನ ಮೇಲಿಂದ ಸುತ್ತುವ ಬದಲು ಅಡಿಯಿಂದ ಸುತ್ತಬೇಕಾಯಿತು. ಅಂಗೈ ಊರಿ ಸ್ವರವನ್ನು ಅದುಮಲು ಜಾಗವೇ ಇಲ್ಲ. 1953ರಲ್ಲೇ ಕಂಪನಿ ಅದನ್ನು ಬದಲಿಸತೊಡಗಿತು. ಅವರ ಭಾಗ ಹೋಯಿತು, ಹೆಸರು ಉಳಿಯಿತು!

ಆ ಹೆಸರೂ ಗಟ್ಟಿಯಾಗಿ ನಿಲ್ಲಲಿಲ್ಲ. 1961ರಲ್ಲಿ ಗಿಬ್ಸನ್ ಗಿಟಾರಿನ ಆಕಾರವನ್ನೇ ಬದಲಿಸಿ, ತೆಳ್ಳಗೆ ಮಾಡಿ, ಎರಡು ಚೂಪು ಕೊಂಬು ಇಟ್ಟಿತು. ಲೆಸ್ ಪಾಲ್‌ಗೆ ಅದು ಹಿಡಿಸಲಿಲ್ಲ. ಅದೇ ಹೊತ್ತಿಗೆ ಮೇರಿ ಫೋರ್ಡ್ ಜತೆಗಿನ ಮದುವೆಯೂ ಮುರಿಯುತ್ತಿತ್ತು. ಒಪ್ಪಂದ ಮುಂದುವರಿಯಲಿಲ್ಲ, 1963ರ ಹೊತ್ತಿಗೆ ಗಿಟಾರಿನಿಂದ ಹೆಸರು ಹೋಯಿತು. ಆಮೇಲೆ ಏನಾಯಿತು? ಎರಿಕ್ ಕ್ಲಾಪ್ಟನ್‌ರಂಥ ಇಂಗ್ಲೆಂಡಿನ ಹುಡುಗರು ಯಾರೂ ಕೇಳದಿದ್ದ ಹಳೆಯ ಲೆಸ್ ಪಾಲ್‌ಗಳನ್ನು ಹುಡುಕಿ ನುಡಿಸತೊಡಗಿದರು. ಬೇಡಿಕೆ ಎದ್ದಿತು. 1968ರಲ್ಲಿ ಗಿಬ್ಸನ್ ಆ ಗಿಟಾರನ್ನು ಮತ್ತೆ ಮಾಡಿತು, ಹೆಸರಿನ ಸಮೇತ. 2009ರಲ್ಲಿ ಲೆಸ್ ಪಾಲ್ ತೀರಿಕೊಂಡಾಗ ಅವರಿಗೆ 94 ವರ್ಷ, ಗಿಟಾರ್ ಇನ್ನೂ ಮಾರಾಟವಾಗುತ್ತಲೇ ಇತ್ತು. ಈಗಲೂ ಆಗುತ್ತಿದೆ.

ಗಿಟಾರಿನೊಳಗೆ ಏನಿದೆ ಅಂತ ಕೇಳದೆ ಹೆಸರು ನೋಡಿ ಕೊಂಡವರು ಕೊನೆಗೆ ನನ್ನ ಹತ್ತಿರವೇ ಬರುತ್ತಾರೆ. ರಾಕ್ ವಾದಕ ಇಂಗ್ವೇ ಮಾಮ್‌ಸ್ಟೀನ್ ಹೆಸರಿನ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಉದ್ದಕ್ಕೂ ತಗ್ಗು ಮಾಡಿರುತ್ತಾರೆ. ಬೆರಳು ಮರಕ್ಕೆ ತಾಗುವುದೇ ಇಲ್ಲ. ಜೋರಾಗಿ ಒತ್ತುವ ಅಭ್ಯಾಸ ಇದ್ದವರಿಗೆ ಪ್ರತಿ ಸ್ವರವೂ ಸ್ವಲ್ಪ ಏರಿಯೇ ಕೇಳುತ್ತದೆ. "ಟ್ಯೂನ್ ನಿಲ್ತಾನೇ ಇಲ್ಲ, ಪೀಸೇ ಸರಿಯಿಲ್ಲ" ಅಂತ ತಂದಿಡುತ್ತಾರೆ. ಕೈ ಹಗುರ ಮಾಡಿ ಅಂದರೆ ಮುಖ ಸಪ್ಪಗಾಗುತ್ತದೆ.

ಕ್ಲಾಪ್ಟನ್ ಸ್ಟ್ರಾಟೊಕಾಸ್ಟರ್ ಕೊಂಡವರದು ಇನ್ನೊಂದು ಕಥೆ. ಅದರೊಳಗೆ ಮಿಡ್, ಅಂದರೆ ತೀರಾ ದಪ್ಪವೂ ತೀರಾ ಚೂಪೂ ಅಲ್ಲದ ನಡುವಿನ ಸದ್ದನ್ನು ಎತ್ತಿ ಕೊಡುವ ಸರ್ಕ್ಯೂಟ್ ಇದೆ, ಅದಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು. ವರ್ಷಗಟ್ಟಲೆ ಬದಲಿಸದೆ, ಸದ್ದು ಸತ್ತುಹೋಯಿತು ಅಂತ ಬರುತ್ತಾರೆ. ಬ್ಯಾಟರಿ ಹಾಕಿಸಿಕೊಂಡು ಹೋದವರು ಟ್ರೆಮೊಲೊ ಅಲ್ಲಾಡುತ್ತಿಲ್ಲ ಅಂತ ವಾಪಸ್ ಬರುತ್ತಾರೆ. ಕ್ಲಾಪ್ಟನ್ ಟ್ರೆಮೊಲೊ ಬಳಸುವುದಿಲ್ಲ. ಅದು ಅಲ್ಲಾಡಲೇಬಾರದು ಅಂತ ಹಿಂದೆ ಒಂದು ಮರದ ತುಂಡು ಸಿಕ್ಕಿಸಿಯೇ ಕಳಿಸುತ್ತಾರೆ. ಆ ತುಂಡು ತೆಗೆದುಕೊಡಿ ಅನ್ನುತ್ತಾರೆ ಇವರು. ತೆಗೆದುಕೊಡುತ್ತೇನೆ, ಸ್ಪ್ರಿಂಗ್ ಹಾಕಿ ಸಮತೋಲನವನ್ನೂ ಮಾಡಿಕೊಡುತ್ತೇನೆ. ಅರ್ಧ ದಿನದ ಕೆಲಸ, ಚಾರ್ಜ್ ಬೇರೆ.